ಒಂದೇ ವೇಗನಿಯಮ, ಎರಡು ಮಾರ್ಗ

ಜಲಜನಕವನ್ನೂ ಅಯೋಡಿನ್ ಆವಿಯನ್ನೂ ಗಾಜಿನ ಬುರುಡೆಯೊಂದರಲ್ಲಿ ಸೇರಿಸಿ, ಬಾಯಿ ಬೆಸೆದು ಕಾಯಿಸಿದರೆ, ಆವಿಯ ನೇರಿಳೆ ಬಣ್ಣವು ಮೆಲ್ಲಮೆಲ್ಲನೆ ತಿಳಿಯಾಗುತ್ತ ಜಲಜನಕ ಅಯೊಡೈಡ್ ಉಂಟಾಗುತ್ತದೆ. ಜರ್ಮನಿಯ ಮ್ಯಾಕ್ಸ್ ಬೋಡೆನ್‌ಸ್ಟೈನನು 1890ರ ದಶಕದಲ್ಲಿ ಈ ಕ್ರಿಯೆಯ ವೇಗವನ್ನು ಬಹು ತಾಳ್ಮೆಯಿಂದ ಅಳೆದನು. ಜಲಜನಕದ ಸಾಂದ್ರತೆಯನ್ನು ಇಮ್ಮಡಿಸಿದರೆ ಆರಂಭದ ವೇಗವೂ ಇಮ್ಮಡಿಸುವುದು. ಅಯೋಡಿನ್ನನ್ನು ಇಮ್ಮಡಿಸಿದರೂ ಹಾಗೆಯೇ. ಅಂದರೆ ವೇಗವು ಈ ಎರಡು ಸಾಂದ್ರತೆಗಳ ಗುಣಲಬ್ಧಕ್ಕೆ ಅನುಪಾತವಾಗಿರುತ್ತದೆ.

ಜಲಜನಕದ ಒಂದು ಅಣುವೂ ಅಯೋಡಿನ್ನಿನ ಒಂದು ಅಣುವೂ ಡಿಕ್ಕಿ ಹೊಡೆದು, ಜೊತೆಗಾರರನ್ನು ಬದಲಿಸಿಕೊಂಡು ಹೊರಬೀಳುತ್ತವೆಂದು ಭಾವಿಸಿದರೆ ಈ ನಿಯಮ ತಾನಾಗಿಯೇ ದೊರೆಯುತ್ತದೆ. ಪಠ್ಯಪುಸ್ತಕಗಳು ಬಹುಕಾಲ ಇದನ್ನೇ ಹೇಳಿಕೊಟ್ಟವು.

ಆದರೆ ಬೇರೊಂದು ಮಾರ್ಗವನ್ನೂ ಊಹಿಸಿ ಪರೀಕ್ಷಿಸೋಣ. ಅಯೋಡಿನ್ ಅಣು ಶಾಖದಿಂದ ಎರಡು ಪರಮಾಣುಗಳಾಗಿ ಒಡೆಯುತ್ತದೆ. ಪರಮಾಣುಗಳು ಪುನಃ ಕೂಡುತ್ತವೆ. ಈ ಒಡೆತ, ಕೂಟಗಳು ಬಲು ಬೇಗನೆ ನಡೆದು ಸಮತೋಲದಲ್ಲಿವೆ. ಬಳಿಕ ಎರಡು ಪರಮಾಣುಗಳು ಜಲಜನಕದ ಒಂದು ಅಣುವಿನೊಡನೆ ನಿಧಾನವಾಗಿ ವರ್ತಿಸುತ್ತವೆ. ಒಟ್ಟು ವೇಗವನ್ನು ಗೊತ್ತುಮಾಡುವುದು ಅತಿ ನಿಧಾನವಾದ ಹಂತ. ಆದಕಾರಣ ವೇಗವು ಜಲಜನಕದ ಸಾಂದ್ರತೆಗೂ ಪರಮಾಣು ಸಾಂದ್ರತೆಯ ವರ್ಗಕ್ಕೂ ಅನುಪಾತವಾಗಬೇಕು. ಪ್ರಯೋಗದ ನಿಯಮದಲ್ಲಿ ಪರಮಾಣುಗಳ ಮಾತೇ ಇಲ್ಲವಲ್ಲ! ಅವನ್ನು ಲೆಕ್ಕದಿಂದ ತೊಡೆದುಹಾಕಿದ ಹೊರತು ಹೋಲಿಸುವಂತಿಲ್ಲ. ಇಲ್ಲಿ ಸಮತೋಲ ನೆರವಿಗೆ ಬರುತ್ತದೆ: ಪರಮಾಣು ಸಾಂದ್ರತೆಯ ವರ್ಗವು ಅಣು ಸಾಂದ್ರತೆಗೆ ಅನುಪಾತ. ಅಯೋಡಿನ್ನನ್ನು ಇಮ್ಮಡಿಸಿದರೆ ಪರಮಾಣುಗಳು ಸುಮಾರು 1.41 ಮಡಿಯಾಗುತ್ತವೆ, ಕ್ರಿಯೆಗೆ ಎರಡೆರಡು ಬೇಕಾದುದರಿಂದ ವೇಗವು 1.41 × 1.41, ಎಂದರೆ 2 ಮಡಿ. ಬೋಡೆನ್‌ಸ್ಟೈನನ ನಿಯಮವೇ ಮರಳಿ ಬಂದಿತು!

ಬ್ರೋಮಿನ್ನಿನ ವಿಷಯದಲ್ಲಿ ಇಂಥ ತೊಡಕಿಲ್ಲ. ಅಲ್ಲಿ ಆರಂಭದ ವೇಗವು ಬ್ರೋಮಿನ್ ಸಾಂದ್ರತೆಯ ವರ್ಗಮೂಲವನ್ನು ಅನುಸರಿಸುವುದರಿಂದ ಒಂದೇ ಡಿಕ್ಕಿಯ ಕಲ್ಪನೆ ಕೂಡಲೇ ಬಿದ್ದುಹೋಗುತ್ತದೆ. ಹೊಂದದ ಮಾರ್ಗವನ್ನು ತಳ್ಳಿಹಾಕಲು ವೇಗನಿಯಮ ಸಮರ್ಥ. ಹೊಂದುವ ಎರಡರಲ್ಲಿ ಒಂದನ್ನು ಆರಿಸಲು ಅದಕ್ಕೆ ಶಕ್ತಿಯಿಲ್ಲ.

ಹಾಗಾದರೆ ಅಯೋಡಿನ್ನಿನ ವ್ಯಾಜ್ಯವನ್ನು ತೀರಿಸುವುದೆಂತು? ಸಮತೋಲವನ್ನೇ ಕದಡಬೇಕು. ಅಮೆರಿಕದ ಜಾನ್ ಸಲ್ಲಿವನ್ನನು 1967ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಾಡಿದುದು ಇದನ್ನೇ. ಶಾಖವೊಂದರಿಂದಲೇ ಕ್ರಿಯೆ ಸಾಕಷ್ಟು ನಡೆಯಲಾರದ ಕಡಿಮೆ ಉಷ್ಣತೆಯಲ್ಲಿ ಆವಿಯ ಮೇಲೆ ಬೆಳಕು ಬೀರಿ, ಪರಮಾಣುಗಳನ್ನು ಮಾತ್ರ ಹೆಚ್ಚಿಸಿದನು. ಅಣುಗಳ ಡಿಕ್ಕಿಯೇ ನಿಜವಾದ ಮಾರ್ಗವಾಗಿದ್ದರೆ ಇದರಿಂದ ಲಾಭವಿರುತ್ತಿರಲಿಲ್ಲ. ಆದರೆ ಉತ್ಪನ್ನ ಹುಟ್ಟಿತು, ಅದೂ ಪರಮಾಣು ಸಾಂದ್ರತೆಯ ವರ್ಗಕ್ಕೆ ಅನುಗುಣವಾಗಿ! ಅಷ್ಟೇ ಅಲ್ಲ, ಬೆಳಕಿನಿಂದ ದೊರೆತ ವೇಗಸ್ಥಿರಾಂಕಗಳು ಹೆಚ್ಚಿನ ಉಷ್ಣತೆಯಲ್ಲಿ ಶಾಖದಿಂದ ದೊರೆತವುಗಳೊಡನೆ ಒಂದೇ ರೇಖೆಯಲ್ಲಿ ಕೂಡಿಕೊಂಡವು.

ಇಷ್ಟಾದರೂ ವಾದ ನಿಲ್ಲಲಿಲ್ಲ. ಒಡೆಯುವ ಅಂಚಿನವರೆಗೆ ಬಲವಾಗಿ ಕಂಪಿಸುತ್ತಿರುವ ಅಯೋಡಿನ್ ಅಣುಗಳೂ ಪರಮಾಣುಗಳೊಡನೆ ಸಮತೋಲದಲ್ಲಿರುತ್ತವೆ. ಅವು ಜಲಜನಕಕ್ಕೆ ಡಿಕ್ಕಿ ಹೊಡೆದರೂ ಸಲ್ಲಿವನ್ನನ ಫಲಿತಾಂಶವೇ ಬರುವುದೆಂದು 1970ರ ದಶಕದಲ್ಲಿ ತೋರಿಸಲಾಯಿತು.