ಎರಡು ಸೊಳ್ಳೆ, ಒಂದು ತಂತಿ, ಇನ್ನೂರೈವತ್ತು ಪದ

ವಿಚಾರ ಸಂಕಿರಣದ ಹಿಂದಿನ ಸಂಜೆ ಹೈದರಾಬಾದಿನ ಯಾವ ಕ್ಯಾಂಪಸ್ ಪಕ್ಕದ ಪ್ರಿಂಟಿಂಗ್ ಅಂಗಡಿಗೆ ಹೋದರೂ ನೋಟ ಒಂದೇ. ಕಂಪ್ಯೂಟರ್ ಮುಂದೆ ಕೂತವನ ಬೆನ್ನ ಹಿಂದೆ ನಾಲ್ಕೈದು ವಿದ್ಯಾರ್ಥಿಗಳು, ಕೈಯಲ್ಲಿ ಪೆನ್‌ಡ್ರೈವ್, ಕಣ್ಣಲ್ಲಿ ನಿದ್ದೆಗೇಡು. ಪೋಸ್ಟರ್ ಸೈಜ್ ಎಷ್ಟು ಎಂದರೆ ‘ಎ ಜೀರೋ’ ಎಂಬ ಉತ್ತರ. ಅಂದರೆ 841 ಮಿಲಿಮೀಟರ್ ಅಗಲ, 1189 ಮಿಲಿಮೀಟರ್ ಉದ್ದ, ಹೆಚ್ಚುಕಡಿಮೆ ಒಂದು ಚದರ ಮೀಟರ್. ಪರದೆಯ ಮೇಲೆ ಕಡುನೀಲಿಯಾಗಿದ್ದ ಶೀರ್ಷಿಕೆ ಕಾಗದದ ಮೇಲೆ ನೇರಳೆಗೆ ತಿರುಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡ ಗ್ರಾಫ್ ಮಂಜು ಕವಿದಂತೆ ಮಸುಕಾಗಿರುತ್ತದೆ. ಸಹಲೇಖಕರೊಬ್ಬರ ಇನಿಷಿಯಲ್ ತಪ್ಪಾಗಿದ್ದು ಕಣ್ಣಿಗೆ ಬೀಳುವುದು ಮುದ್ರಣ ಮುಗಿದು ಸುರುಳಿ ಸುತ್ತಿದ ಮೇಲೆ.

ಈ ನಗರಕ್ಕೆ ಇಂಥ ಸಂಜೆಗಳು ಹೊಸತಲ್ಲ. ಗಚ್ಚಿಬೌಲಿಯಲ್ಲಿರುವ ಹೈದರಾಬಾದ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ‘ಕೆಮ್‌ಫೆಸ್ಟ್’ನಲ್ಲಿ ಸಂಶೋಧನಾ ವಿದ್ಯಾರ್ಥಿಗಳೇ ಭಾಷಣ ಮಾಡುತ್ತಾರೆ, ಪೋಸ್ಟರ್ ಹಚ್ಚುತ್ತಾರೆ. ಟ್ರಿಪಲ್ ಐಟಿಯ ‘ಆರ್ ಅಂಡ್ ಡಿ ಶೋಕೇಸ್’ನಲ್ಲಿ ಹೊರಗಿನವರೂ ಬಂದು ನಿಂತು ಪ್ರಶ್ನೆ ಕೇಳುತ್ತಾರೆ. 2010ರ ಆಗಸ್ಟ್‌ನಲ್ಲಿ ಜಗತ್ತಿನ ಗಣಿತಜ್ಞರ ಮಹಾ ಸಮ್ಮೇಳನ ಇಲ್ಲೇ ನಡೆದಾಗ ಅಲ್ಲೂ ಪೋಸ್ಟರ್‌ಗಳಿಗೆ ಜಾಗವಿತ್ತು. ಬೀದರ್, ಕಲಬುರಗಿ, ರಾಯಚೂರಿನ ಮಕ್ಕಳಿಗೆ ಹೈದರಾಬಾದ್ ಹಿಂದಿನಿಂದಲೂ ಓದಿನ ಊರು. ಹೀಗಾಗಿ ಈ ಅಂಗಡಿಗಳ ಸಾಲಿನಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದರೆ ಅಚ್ಚರಿಯಿಲ್ಲ.

ಪೋಸ್ಟರ್ ಕಣ್ಣಿಗೆ ಕಾಣುವ ಕೆಲಸ. ನಿಜವಾದ ಕಷ್ಟ ಅದಕ್ಕೂ ಮೊದಲೇ, ಅಬ್‌ಸ್ಟ್ರ್ಯಾಕ್ಟ್ ಎಂಬ ಸಾರಲೇಖದಲ್ಲಿ ಕಳೆದಿರುತ್ತದೆ. ಸಾಮಾನ್ಯವಾಗಿ 250ರಿಂದ 300 ಪದ. ಅಷ್ಟರಲ್ಲಿ ಏಕೆ ಮಾಡಿದೆವು, ಹೇಗೆ ಮಾಡಿದೆವು, ಏನು ಸಿಕ್ಕಿತು, ಅದರ ಅರ್ಥವೇನು ಎಂಬ ನಾಲ್ಕೂ ಮಾತು ಹಿಡಿಸಬೇಕು. ಹೊಸಬರು ಅರ್ಧ ಜಾಗವನ್ನು ಪೀಠಿಕೆಗೇ ಕೊಟ್ಟುಬಿಡುತ್ತಾರೆ. ‘ಮಧುಮೇಹ ಜಗತ್ತಿನ ದೊಡ್ಡ ಸಮಸ್ಯೆ’ ಎಂದು ಶುರುವಾದದ್ದು ಆರನೇ ವಾಕ್ಯಕ್ಕೂ ಪ್ರಯೋಗಶಾಲೆಯ ಬಾಗಿಲು ಮುಟ್ಟಿರುವುದಿಲ್ಲ. ಕೊನೆಗೆ ‘ಫಲಿತಾಂಶಗಳನ್ನು ಚರ್ಚಿಸಲಾಗುವುದು’ ಎಂಬ ಸಾಲು. ಆಯ್ಕೆ ಸಮಿತಿಯವರಿಗೆ ಈ ಸಾಲು ಏನನ್ನೂ ಹೇಳುವುದಿಲ್ಲ. ಎಷ್ಟು ಮಾದರಿ, ಎಷ್ಟು ವ್ಯತ್ಯಾಸ ಎಂಬ ಎರಡು ಅಂಕಿ ಇದ್ದಿದ್ದರೆ ಪೀಠಿಕೆಯ ಆರು ವಾಕ್ಯಗಳಿಗಿಂತ ಹೆಚ್ಚು ಕೆಲಸವಾಗುತ್ತಿತ್ತು.

ಅಂಕಿ ಇದ್ದರೂ ಎಡವಬಹುದು. ಅದಕ್ಕೆ ಉದಾಹರಣೆ ಈ ಊರಿನಲ್ಲೇ ಇದೆ.

1880ರ ದಶಕ, ಶಸ್ತ್ರಚಿಕಿತ್ಸೆಗೆ ಮೊದಲು ಪ್ರಜ್ಞೆ ತಪ್ಪಿಸಲು ಕ್ಲೋರೋಫಾರ್ಮ್ ಕೊಡುತ್ತಿದ್ದ ಕಾಲ. ಕೆಲವು ರೋಗಿಗಳು ಮೇಜಿನ ಮೇಲೆಯೇ ಸಾಯುತ್ತಿದ್ದರು. ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬ ಜಗಳ ಯುರೋಪಿನಲ್ಲಿ ಬಿಸಿಯಾಗಿತ್ತು. ಹೈದರಾಬಾದ್ ವೈದ್ಯಕೀಯ ಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ ಅವರದು ಉಸಿರಿನ ಪಕ್ಷ. ಇದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಲು 1888ರಲ್ಲಿ ಇಲ್ಲಿ ಮೊದಲ ಕ್ಲೋರೋಫಾರ್ಮ್ ಆಯೋಗ ನಡೆಯಿತು. ಅದರ ತೀರ್ಮಾನವನ್ನು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಒಪ್ಪದಿದ್ದಾಗ ನಿಜಾಮರ ಸರ್ಕಾರ ಹಣ ಕೊಟ್ಟಿತು, ಪತ್ರಿಕೆ ಲಾಡರ್ ಬ್ರಂಟನ್ ಎಂಬ ತಜ್ಞರನ್ನು ಕಳಿಸಿತು. 1889ರಲ್ಲಿ ಪ್ರಯೋಗಗಳು ಮತ್ತೆ ನಡೆದವು. ಬ್ರಂಟನ್ ಲಂಡನ್ನಿಗೆ ಒಂದು ತಂತಿ ಕಳಿಸಿದರು. ನಾಯಿ, ಕುದುರೆ, ಕೋತಿ, ಮೇಕೆ, ಬೆಕ್ಕು, ಮೊಲ ಸೇರಿ 490 ಪ್ರಾಣಿಗಳು, 120ರಲ್ಲಿ ರಕ್ತದೊತ್ತಡದ ಅಳತೆ, ದಾಖಲೆಗಳೆಲ್ಲ ಛಾಯಾಚಿತ್ರದಲ್ಲಿ, ಅಪಾಯ ಬರುವುದು ಉಸಿರುಕಟ್ಟುವುದರಿಂದ ಇಲ್ಲವೇ ಅತಿಪ್ರಮಾಣದಿಂದ, ನೇರ ಹೃದಯದಿಂದ ಎಳ್ಳಷ್ಟೂ ಇಲ್ಲ ಎಂಬುದು ಅದರ ಸಾರ.

ಇಂದಿನ ಯಾವ ವಿದ್ಯಾರ್ಥಿಯೂ ಅಸೂಯೆಪಡುವಂಥ ಅಬ್‌ಸ್ಟ್ರ್ಯಾಕ್ಟ್ ಅದು. ಸಂಖ್ಯೆ, ವಿಧಾನ, ಫಲಿತಾಂಶ, ತೀರ್ಮಾನ ಎಲ್ಲ ಒಂದೇ ತಂತಿಯಲ್ಲಿ. ಕೆಟ್ಟದ್ದು ‘ಎಳ್ಳಷ್ಟೂ ಇಲ್ಲ’ ಎಂಬಲ್ಲಿ. 1911ರಲ್ಲಿ ಗುಡ್‌ಮನ್ ಲೆವಿ ಎಂಬುವರು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಕ್ಲೋರೋಫಾರ್ಮ್ ಕಡಿಮೆ ಪ್ರಮಾಣದಲ್ಲಿದ್ದಾಗಲೂ ಹೃದಯದ ಕೆಳಕೋಣೆಗಳು ಕಂಪಿಸಿ ತಟಕ್ಕನೆ ನಿಂತುಬಿಡಬಲ್ಲವು ಎಂದು ತೋರಿಸಿದರು. ಹೈದರಾಬಾದಿನಲ್ಲಿ ಆ 490 ಪ್ರಾಣಿಗಳಲ್ಲಿ ಅದು ಕಂಡಿರಲಿಲ್ಲ, ಅಷ್ಟೇ. ಕಂಡಿಲ್ಲ ಎಂದು ಬರೆದಿದ್ದರೆ ಆ ವಾಕ್ಯ ಇಂದಿಗೂ ನಿಲ್ಲುತ್ತಿತ್ತು. ಇಲ್ಲ ಎಂದು ಬರೆದರು.

ಆ ತಂತಿ ಹೋದ ಎಂಟು ವರ್ಷಗಳ ನಂತರ, ಅಲ್ಲಿಂದ ಕೆಲವೇ ಮೈಲಿ ದೂರದ ಬೇಗಂಪೇಟೆಯಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯರು ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತಿದ್ದರು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಗೆ ಸೊಳ್ಳೆಗೊಂದಾಣೆಯಂತೆ ಕೊಟ್ಟು ಕಚ್ಚಿಸಿಕೊಳ್ಳಲು ಒಪ್ಪಿಸಿದ್ದರು. 1897ರ ಆಗಸ್ಟ್ 20ರಂದು ಆ ಸೊಳ್ಳೆಗಳಲ್ಲೊಂದರ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಬಣ್ಣಕಣಗಳಿದ್ದ ಕೋಶಗಳು ಕಂಡವು. ಅದೇ ಡಿಸೆಂಬರ್‌ನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ಲೇಖನದ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: ಮಲೇರಿಯಾ ರಕ್ತ ಕುಡಿದ ಎರಡು ಸೊಳ್ಳೆಗಳಲ್ಲಿ ಕಂಡ ಕೆಲವು ವಿಚಿತ್ರ ಬಣ್ಣಕಣದ ಕೋಶಗಳ ಕುರಿತು. ‘ಮಲೇರಿಯಾ ರಹಸ್ಯ ಭೇದಿಸಿದೆ’ ಎಂದಿಲ್ಲ. ಎರಡು ಸೊಳ್ಳೆ, ಕೆಲವು ಕೋಶ, ಅಷ್ಟೇ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬ ಉಳಿದ ಮಾತನ್ನು ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾದ ಮೇಲೆ ಕೆಲಸ ಮಾಡಿ ತೋರಿಸಿದರು. 1902ರಲ್ಲಿ ನೊಬೆಲ್ ಬಂತು.

ಈ ಶೀರ್ಷಿಕೆಯನ್ನು ಪ್ರತಿ ಪ್ರಯೋಗಶಾಲೆಯ ಗೋಡೆಗೂ ಅಂಟಿಸಬೇಕು. ಹನ್ನೆರಡು ಇಲಿಗಳ ಮೇಲೆ ಮಾಡಿದ ಕೆಲಸಕ್ಕೆ ‘ಕ್ಯಾನ್ಸರ್‌ಗೆ ಹೊಸ ಔಷಧ’ ಎಂದು ಹೆಸರಿಡುವ ಆಸೆ ವಿದ್ಯಾರ್ಥಿಯದ್ದಷ್ಟೇ ಅಲ್ಲ, ಕೆಲವೊಮ್ಮೆ ಗೈಡ್‌ನದ್ದೂ ಹೌದು.

ಇನ್ನೊಂದು ತೊಡಕಿನ ಬಗ್ಗೆ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಅಬ್‌ಸ್ಟ್ರ್ಯಾಕ್ಟ್ ಕಳಿಸುವುದು ಸಂಕಿರಣಕ್ಕೆ ತಿಂಗಳುಗಟ್ಟಲೆ ಮೊದಲು, ಆಗ ಪ್ರಯೋಗ ಅರ್ಧಕ್ಕೆ ಬಂದಿರುತ್ತದೆ. ಮುಂದೆ ಮಾದರಿ ಹೆಚ್ಚಿದಂತೆ ಆ ಸೊಗಸಾದ ವ್ಯತ್ಯಾಸ ಕರಗಿಯೂ ಹೋಗಬಹುದು. ಆಗ ಸಂಕಿರಣದ ಸಾರಲೇಖಗಳ ಪುಸ್ತಿಕೆಯಲ್ಲಿ ಅಚ್ಚಾದದ್ದಕ್ಕೆ ಪೋಸ್ಟರನ್ನು ಹೊಂದಿಸಲು ಹೋಗಬಾರದು. ಪೋಸ್ಟರ್‌ನಲ್ಲಿ ಇಂದಿನ ಲೆಕ್ಕವೇ ಇರಬೇಕು. ‘ಸಾರಲೇಖದ ನಂತರ ಹತ್ತು ಮಾದರಿ ಸೇರಿವೆ, ಪರಿಣಾಮ ಕಡಿಮೆಯಾಗಿದೆ’ ಎಂದು ಮೂಲೆಯಲ್ಲಿ ಎರಡು ಸಾಲು ಬರೆದವರ ಮುಂದೆಯೇ ಅನುಭವಿ ತೀರ್ಪುಗಾರರು ಹೆಚ್ಚು ಹೊತ್ತು ನಿಲ್ಲುತ್ತಾರೆ.

ಉಳಿದದ್ದು ಕೈಕೆಲಸ. ಶೀರ್ಷಿಕೆ ನಾಲ್ಕು ಹೆಜ್ಜೆ ದೂರದಿಂದ ಓದುವಂತಿರಬೇಕು. ಹತ್ತು ಗ್ರಾಫಿನ ಬದಲು ಮೂರು ಸಾಕು. ಕೆಂಪು ಹಸಿರಿನ ವ್ಯತ್ಯಾಸ ತಿಳಿಯದ ಕಣ್ಣುಗಳೂ ಇವೆ. ಒಂದು ಗೆರೆ ಅಖಂಡವಾಗಿ, ಇನ್ನೊಂದು ತುಂಡುತುಂಡಾಗಿದ್ದರೆ ಅವರಿಗೂ ತಿಳಿಯುತ್ತದೆ. ಸಾರಲೇಖವನ್ನು ಪೋಸ್ಟರ್ ಮೇಲೆ ಮತ್ತೆ ಮುದ್ರಿಸುವುದು ಜಾಗ ದಂಡ.

ಮುದ್ರಣಕ್ಕೆ ಕೊಡುವ ಮೊದಲು ಒಂದು ಪರೀಕ್ಷೆ ಮಾತ್ರ ಕನ್ನಡದ ವಿದ್ಯಾರ್ಥಿಗೆ ಸುಲಭವಾಗಿ ಸಿಗುತ್ತದೆ. ಊರಿಗೆ ಫೋನ್ ಹಚ್ಚಿ, ಮಾಡಿದ ಕೆಲಸವನ್ನು ಅವ್ವನಿಗೆ ಎರಡು ನಿಮಿಷದಲ್ಲಿ ಕನ್ನಡದಲ್ಲೇ ಹೇಳುವುದು. ಇಂಗ್ಲಿಷಿನ ದೊಡ್ಡ ಪದಗಳ ಹಿಂದೆ ಅಡಗಿದ ಅರೆಬರೆ ತಿಳಿವಳಿಕೆ ಅಲ್ಲಿ ತಾನಾಗಿ ಹೊರಬೀಳುತ್ತದೆ. ‘ಎಷ್ಟ್ ಮಂದೀನ್ ನೋಡಿ ಇದನ್ನ ಹೇಳಾಕತ್ತಿ?’ ಎಂದು ಅತ್ತ ಕಡೆಯಿಂದ ಕೇಳಿದರೆ, ಮರುದಿನ ಪೋಸ್ಟರ್ ಮುಂದೆ ನಿಲ್ಲುವ ತೀರ್ಪುಗಾರರ ಮೊದಲ ಪ್ರಶ್ನೆಯೂ ಅದೇ ಆಗಿರುತ್ತದೆ.