ತ್ರಿಭುಜದ ಗೊತ್ತಿಲ್ಲದ ಕೋನಕ್ಕೆ ಒಂದು ಸಮೀಕರಣ

ಕೋನಮಾಪಕ ಇಟ್ಟು ಅಳೆದರೆ ಒಂದೆರಡು ಡಿಗ್ರಿ ಆಚೀಚೆ ಆಗಬಹುದು. ಕೋನಗಳ ನಡುವಿನ ಸಂಬಂಧ ಗೊತ್ತಿದ್ದರೆ ಅಳೆಯುವುದೇ ಬೇಡ. ಬೀಜಗಣಿತ ಕರಾರುವಾಕ್ಕಾದ ಉತ್ತರ ಕೊಡುತ್ತದೆ.

ಆಧಾರ ಒಂದೇ ಪ್ರಮೇಯ: ತ್ರಿಭುಜದ ಮೂರು ಒಳಕೋನಗಳ ಮೊತ್ತ 180°. ಒಂದು ಶೃಂಗದ ಮೂಲಕ ಎದುರಿನ ಬಾಹುವಿಗೆ ಸಮಾಂತರ ರೇಖೆ ಎಳೆಯಿರಿ. ಕೆಳಗಿನ ಎರಡು ಕೋನಗಳಿಗೆ ಸಮನಾದ ಪರ್ಯಾಯ ಕೋನಗಳು ಶೃಂಗಕೋನದ ಎಡಬಲಕ್ಕೆ ಸಿಗುತ್ತವೆ. ಮೂರೂ ಸೇರಿದರೆ ಸರಳಕೋನ.

ಈಗ ಒಂದು ಲೆಕ್ಕ. ಎರಡನೆಯ ಕೋನ ಮೊದಲನೆಯದರ ಎರಡರಷ್ಟು. ಮೂರನೆಯದು ಮೊದಲನೆಯದಕ್ಕಿಂತ 20° ಹೆಚ್ಚು. ಉಳಿದವನ್ನು ಯಾವ ಕೋನಕ್ಕೆ ಹೋಲಿಸಿ ಹೇಳಿದೆಯೋ ಅದನ್ನೇ 'ಕ' ಎನ್ನಿ.

ಕ + 2ಕ + (ಕ + 20) = 180
4ಕ = 160
ಕ = 40

ಎಷ್ಟೋ ಮಕ್ಕಳು ಇಲ್ಲಿಗೇ ನಿಲ್ಲಿಸಿ ಅಂಕ ಕಳೆದುಕೊಳ್ಳುತ್ತಾರೆ. ಕೇಳಿದ್ದು 'ಕ'ದ ಬೆಲೆಯನ್ನಲ್ಲ, ಕೋನಗಳನ್ನು. ಅವು 40°, 80°, 60°. ಕೂಡಿ ನೋಡಿ: 180° ತಾಳೆಯಾಗುತ್ತದೆ.

ಹೊರಕೋನ ಕೊಟ್ಟಿದ್ದರೆ ದಾರಿ ಇನ್ನೂ ಹತ್ತಿರ. ಹೊರಕೋನವು ಅದರ ಎರಡು ಅಂತರಾಭಿಮುಖ ಕೋನಗಳ ಮೊತ್ತಕ್ಕೆ ಸಮ. ಹೊರಕೋನ 110°, ಆ ಎರಡು ಕೋನಗಳು 3ಕ ಮತ್ತು 2ಕ + 10 ಆಗಿದ್ದರೆ, 5ಕ + 10 = 110. ಕ = 20; ಕೋನಗಳು 60° ಮತ್ತು 50°.

ಸಮದ್ವಿಬಾಹು ತ್ರಿಭುಜದಲ್ಲಿ ಸಮ ಬಾಹುಗಳ ಎದುರಿನ ಕೋನಗಳು ಸಮ. ಪಾದಕೋನ ಪ್ರತಿಯೊಂದೂ ಶೃಂಗಕೋನದ ಎರಡರಷ್ಟಿದ್ದರೆ ಕ + 2ಕ + 2ಕ = 180. ಶೃಂಗಕೋನ 36°, ಪಾದಕೋನಗಳು 72°. ಯೂಕ್ಲಿಡ್ 'ಎಲಿಮೆಂಟ್ಸ್'ನ ನಾಲ್ಕನೆಯ ಪುಸ್ತಕದಲ್ಲಿ ನಿಯಮಿತ ಪಂಚಭುಜ ರಚಿಸುವುದು ಇದೇ ತ್ರಿಭುಜದಿಂದ. ಐದು ಮೂಲೆಯ ನಿಯಮಿತ ನಕ್ಷತ್ರದ ಪ್ರತಿ ತುದಿಯೂ 36°. ಆದರೆ 'ಸಮದ್ವಿಬಾಹು ತ್ರಿಭುಜದ ಒಂದು ಕೋನ 50°' ಎಂದಷ್ಟೇ ಇದ್ದರೆ ಎಚ್ಚರ. ಅದು ಪಾದಕೋನವಾದರೆ 50°, 50°, 80°. ಶೃಂಗಕೋನವಾದರೆ 50°, 65°, 65°. ಎರಡೂ ಸರಿ, ಎರಡನ್ನೂ ಬರೆಯಬೇಕು.

ಕೊನೆಯದಾಗಿ, ಬಿಡಿಸಿದ್ದು ಸರಿಯಿದ್ದರೂ ಉತ್ತರ ಸಲ್ಲದೆ ಹೋಗಬಹುದು. ಒಂದು ಕೋನ 100°, ಉಳಿದ ಎರಡರ ವ್ಯತ್ಯಾಸ 90° ಎನ್ನಿ. ಆ ಎರಡರಲ್ಲಿ ಚಿಕ್ಕದು 'ಕ' ಆದರೆ 2ಕ + 190 = 180, ಅಂದರೆ ಕ = –5. ಋಣ ಬೆಲೆಯ ಒಳಕೋನ ಇರುವುದಿಲ್ಲ. ಹಾಗಾಗಿ ಅಂಥ ತ್ರಿಭುಜವೇ ಇಲ್ಲ. ಚಿತ್ರ ಬರೆಯಲು ಕೂರುವ ಮೊದಲೇ ಇದನ್ನು ತಿಳಿಸಿಬಿಡುವುದು ಸಮೀಕರಣದ ದೊಡ್ಡ ಉಪಕಾರ.