‘ಈ ವಯಸ್ಸಿಗೆ ಎಂಥಾ ಟೆನ್ಷನ್?’

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದಾಗ ನಮ್ಮಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ಎರಡು ದಿನ ಮಾತು ನಡೆಯುತ್ತದೆ. ಉಳಿದಂತೆ ‘ಮೂರು ಹೊತ್ತು ಊಟ, ಕೈಗೊಂದು ಮೊಬೈಲು, ಇನ್ನೇನು ಚಿಂತೆ ಇವಕ್ಕೆ?’ ಎನ್ನುವಲ್ಲಿಗೆ ಮುಗಿಯಿತು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನ ಶೇ. 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಆ ಲೆಕ್ಕದಲ್ಲಿ 50 ಮಕ್ಕಳ ತರಗತಿಯೊಂದರಲ್ಲಿ ಮೂರ್ನಾಲ್ಕು ಮಂದಿ.

ಕಲ್ಪನೆ: ಅದು ವಯಸ್ಸಿನ ಗುಣ, ತಾನಾಗಿ ಸರಿಹೋಗುತ್ತೆ

ಅರ್ಧ ನಿಜ. ಮಿದುಳಿನಲ್ಲಿ ಯೋಚಿಸಿ ತಡೆಯುವ ಮುಂಭಾಗ ಪೂರ್ತಿ ಬಲಿಯಲು 25ರ ಆಸುಪಾಸು ಆಗಬೇಕು. ಭಾವನೆಗಳನ್ನು ಕೆರಳಿಸುವ ಭಾಗ ಅದಕ್ಕಿಂತ ಮೊದಲೇ ಚುರುಕಾಗಿರುತ್ತದೆ. ಹಾಗಾಗಿ ಬೆಳಿಗ್ಗೆ ಜಗಳ, ಸಂಜೆ ನಗು ಸಹಜವೇ. ಆದರೆ ಬೇಸರ ಎರಡು ವಾರ ದಾಟಿಯೂ ಬಿಡದೆ, ನಿದ್ದೆ, ಊಟ, ಓದು, ಗೆಳೆತನ ಎಲ್ಲಕ್ಕೂ ಕೈಹಾಕಿದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ.

ಖಿನ್ನತೆ ಎಂದರೆ ಮೂಲೆಯಲ್ಲಿ ಕೂತು ಅಳುವುದು ಎಂದುಕೊಂಡಿದ್ದೇವೆ. ಹದಿಹರೆಯದಲ್ಲಿ ಅದು ಎಷ್ಟೋ ಸಲ ಸಿಡಿಮಿಡಿಯಾಗಿ ಬರುತ್ತದೆ: ತಟ್ಟೆ ತಳ್ಳುವುದು, ಬಾಗಿಲು ದಡಾರನೆ ಹಾಕಿಕೊಳ್ಳುವುದು. ಇನ್ನು ಕೆಲವರಿಗೆ ಸ್ಕೂಲ್ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಸ್ಕ್ಯಾನಿಂಗಲ್ಲಿ ಏನೂ ಇಲ್ಲ, ಹನ್ನೊಂದು ಗಂಟೆಗೆ ನೋವೂ ಇಲ್ಲ. ‘ನಾಟಕ’ ಎಂದು ತೀರ್ಪು ಕೊಡುವ ಮೊದಲು ಒಂದು ಮಾತು: ಆತಂಕ ಹೊಟ್ಟೆಯ ನರಗಳನ್ನು ನಿಜವಾಗಿಯೂ ಹಿಂಡುತ್ತದೆ. ನೋವು ಸುಳ್ಳಲ್ಲ, ಅದರ ಬೇರು ಮಾತ್ರ ಹೊಟ್ಟೆಯಲ್ಲಿಲ್ಲ.

ಕಲ್ಪನೆ: ಸಾಯುವ ಯೋಚನೆ ಇದೆಯಾ ಎಂದು ಕೇಳಿದರೆ, ಇಲ್ಲದವರ ತಲೆಗೂ ಹೊಕ್ಕೀತು

ಅತ್ಯಂತ ಅಪಾಯದ ನಂಬಿಕೆ ಇದೇ ಎನ್ನುತ್ತೇನೆ. ಹೀಗೆ ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಒಳಗೇ ಇಟ್ಟುಕೊಂಡವರಿಗೆ ಯಾರಾದರೂ ಬಾಯಿಬಿಟ್ಟು ಕೇಳಿದರೆ ಎಷ್ಟೋ ಸಲ ಎದೆಭಾರ ಇಳಿಯುತ್ತದೆ.

ಕೇಳುವ ರೀತಿ ಮಾತ್ರ ಮುಖ್ಯ. ಎದುರು ಕೂರಿಸಿಕೊಂಡು ‘ಹೇಳು, ಏನು ನಿನ್ನ ಪ್ರಾಬ್ಲಮ್ಮು’ ಎಂದರೆ ಅದು ಪೊಲೀಸ್ ವಿಚಾರಣೆ. ಜೊತೆಗೆ ಅವರೆಕಾಯಿ ಸುಲಿಯುವಾಗಲೋ, ಬೈಕಿನಲ್ಲಿ ಹೋಗುವಾಗಲೋ, ಮುಖ ನೋಡಬೇಕಾದ ಇಕ್ಕಟ್ಟಿಲ್ಲದೆ ಮಾತು ಸಲೀಸು. ‘ಏನಿಲ್ಲಮ್ಮ’ ಎನ್ನುವುದು ಮೊದಲ ಉತ್ತರ. ಅಲ್ಲಿಗೇ ಎದ್ದು ಹೋಗಬೇಡಿ. ‘ಹೌದು’ ಎಂದರೆ ಉಪದೇಶ, ಆಣೆ ಪ್ರಮಾಣ, ಪಕ್ಕದ ಮನೆ ರ‍್ಯಾಂಕಿನ ಹುಡುಗಿಯ ಕತೆ ಯಾವುದೂ ಬೇಡ. ಒಂಟಿಯಾಗಿ ಬಿಡಬೇಡಿ, ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ಇಡಿ, ಅಂದೇ ವೈದ್ಯರಿಗೆ ತೋರಿಸಿ.

ಕಲ್ಪನೆ: ಎಲ್ಲಕ್ಕೂ ಮೊಬೈಲೇ ಕಾರಣ

ಬೈಯಲು ಸುಲಭ. ಅದು ಖಚಿತವಾಗಿ ಕದಿಯುವುದು ನಿದ್ದೆಯನ್ನು. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಮೊಬೈಲು ಕಿತ್ತುಕೊಂಡ ಮಾತ್ರಕ್ಕೆ ಒಳಗಿನ ಸಂಕಟ ಹೋಗುವುದಿಲ್ಲ.

ಕಲ್ಪನೆ: ಒಮ್ಮೆ ಮಾತ್ರೆ ಹಿಡಿದರೆ ಜೀವನಪೂರ್ತಿ

ಮೊದಲನೆಯದಾಗಿ, ಎಲ್ಲರಿಗೂ ಮಾತ್ರೆ ಬೇಕಿಲ್ಲ. ಸೌಮ್ಯ ತೊಂದರೆಗೆ ಆಪ್ತಸಮಾಲೋಚನೆಯೇ ಮೊದಲ ಮದ್ದು. ಕೆಲವು ನಿದ್ದೆ ಮಾತ್ರೆಗಳು ಚಟವಾಗಬಲ್ಲವು, ಆ ಭಯಕ್ಕೆ ಕಾರಣ ಇಲ್ಲದಿಲ್ಲ. ಖಿನ್ನತೆಗೆ ಕೊಡುವ ಔಷಧಿಗಳ ಜಾತಿಯೇ ಬೇರೆ, ಅವು ಚಟ ಹಿಡಿಸುವುದಿಲ್ಲ. ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ಎಳೆಯರಲ್ಲಿ ಶುರುವಿನ ದಿನಗಳಲ್ಲಿ ಹತ್ತಿರದಿಂದ ಗಮನಿಸಬೇಕು. ‘ಈಗ ಆರಾಮಿದೀನಿ’ ಎಂದು ತಾವಾಗಿಯೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬರಬಹುದು. ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ.

ಕಲ್ಪನೆ: ಡಾಕ್ಟರ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾಗುತ್ತೆ, ಪೊಲೀಸ್ ಕೇಸೂ ಆಗುತ್ತೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗುಟ್ಟು ಕಾಯಬೇಕೆನ್ನುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಕೂಡದು ಎಂಬುದೂ ಅದರಲ್ಲಿದೆ. ಆಸ್ಪತ್ರೆ ಮೆಟ್ಟಿಲು ಹತ್ತಲು ಇನ್ನೂ ಹಿಂಜರಿಕೆಯಾದರೆ ಟೆಲಿ ಮಾನಸ್ ಇದೆ: 14416, 2022ರ ಅಕ್ಟೋಬರ್‌ನಲ್ಲಿ ಶುರುವಾದ ಉಚಿತ ಸಹಾಯವಾಣಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಾದ ಸಮಾಲೋಚಕರು ಸಿಗುತ್ತಾರೆ, ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಮಗನ ಬಗ್ಗೆ ಕೇಳಲು ಅಪ್ಪನೂ ಕರೆ ಮಾಡಬಹುದು.